ದಾರಿಕೋಲು ಮುಟ್ಟಿದವಳು

ಶಂಭುಲಿಂಗನೆಂಬ ಶಿಷ್ಯ ಗುರುವಿನ ಮುಂದೆ ಕೂತು ಕೇಳಿದ: "ಗುರುಗಳೇ, ನಮ್ಮೂರ ಕೆರೆಯ ಹೂಳು ತೆಗೆಸಬೇಕೆಂದು ಮನಸ್ಸು ಮಾಡಿದ್ದೇನೆ. ಆದರೆ ಇದು ಸೇವೆಯ ಆಸೆಯೋ ಹೆಸರಿನ ಆಸೆಯೋ ತಿಳಿಯುತ್ತಿಲ್ಲ. ಮನಸ್ಸಿನ ಮೋಸವನ್ನು ಪೂರ್ತಿ ತಿಳಿದುಕೊಳ್ಳದೆ ಕೆಲಸಕ್ಕೆ ಕೈಹಾಕುವುದು ಹೇಗೆ?"

ಇದೇ ಪ್ರಶ್ನೆಯನ್ನು ಅವನು ಹೋದ ಬೇಸಿಗೆಯಲ್ಲೂ ಕೇಳಿದ್ದ. ಗುರು ಈ ಸಲ ಕತೆ ಹೇಳಿದರು.

ಉತ್ತರದಲ್ಲಿ ಹಿಮ ಬೀಳುವ ಒಂದು ದೇಶವಿದೆ. ಅಲ್ಲಿ ಹಿಂದೆ ಲೋಕಿ ಎಂಬ ದೇವರಿದ್ದ. ದೇವರೆಂದಾಕ್ಷಣ ಕೈ ಮುಗಿಯಬೇಡ. ಬೇಕಾದ ರೂಪ ತಾಳಿ, ಉಳಿದ ದೇವರುಗಳಿಗೇ ಟೋಪಿ ಹಾಕುತ್ತಿದ್ದ ಆಸಾಮಿ ಅವನು. ಕಾಲ ಕಳೆಯಿತು. ಬೆಟ್ಟಕ್ಕೆ ಡಾಂಬರು ರಸ್ತೆ ಬಂತು, ಎಲ್ಲರ ಕೈಗೂ ಮೊಬೈಲು ಬಂತು. ಜನ ಅವನನ್ನು ಮರೆತರು. ಅದು ಅವನಿಗೆ ಸಹಿಸಲಾಗದ ಅವಮಾನ. ಕಣ್ಣಿಗೂ ಕಿವಿಗೂ ಮೋಸ ಮಾಡುವ ವಿದ್ಯೆ ಅವನಲ್ಲಿ ಇನ್ನೂ ಉಳಿದಿತ್ತು. ಮುಟ್ಟಿ ನೋಡುವ ಕೈಯ ಮುಂದೆ ಮಾತ್ರ ಅದು ನಡೆಯುತ್ತಿರಲಿಲ್ಲ.

ಆ ಬೆಟ್ಟದಲ್ಲಿ ಹಿಮಗಾಳಿ ಎದ್ದರೆ ವಾಹನಗಳು ಒಂಟಿಯಾಗಿ ಹೋಗುವಂತಿಲ್ಲ. ಹಿಮ ತಳ್ಳುವ ದೊಡ್ಡ ಗಾಡಿ ಮುಂದೆ, ಉಳಿದವು ಅದರ ಹಿಂದೆ ಸಾಲಾಗಿ ಹೋಗಬೇಕು. ರಸ್ತೆಯ ಅಂಚು ಹಿಮದಡಿ ಮುಚ್ಚಿಹೋಗುವುದರಿಂದ, ಚಳಿಗಾಲಕ್ಕೆ ಮೊದಲೇ ಅಂಚಿನುದ್ದಕ್ಕೂ ಎತ್ತರದ ಕೋಲುಗಳನ್ನು ನೆಟ್ಟಿರುತ್ತಾರೆ. ಆ ದಾರಿಕೋಲುಗಳೇ ಚಾಲಕರಿಗೆ ಗುರುತು.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಆ ಗಾಡಿ ಓಡಿಸುತ್ತಿದ್ದಳು. ಅವಳ ಹಿಂದಿನ ಕಾರಿನಲ್ಲಿ ಬಸುರಿಯೊಬ್ಬಳಿಗೆ ನೋವು ಶುರುವಾಗಿತ್ತು. ಆಸ್ಪತ್ರೆ ಇದ್ದದ್ದು ಬೆಟ್ಟದ ಆಚೆ. ಲೋಕಿಗೆ ಇದಕ್ಕಿಂತ ಒಳ್ಳೆಯ ಆಟ ಸಿಗಬೇಕೆ?

ನಡುದಾರಿಯಲ್ಲಿ ಅವಳಿಗೆ ಕೋಲುಗಳು ಕವಲೊಡೆದು ಕಂಡವು. ಒಂದು ಸಾಲು ಎಡಕ್ಕೆ, ಒಂದು ಸಾಲು ಬಲಕ್ಕೆ. ಎರಡೂ ಒಂದೇ ಬಣ್ಣ, ಒಂದೇ ಎತ್ತರ. ಒಂದು ಕಡೆ ರಸ್ತೆ, ಇನ್ನೊಂದು ಕಡೆ ಪ್ರಪಾತ. ಅವಳು ಗಾಡಿ ನಿಲ್ಲಿಸಿ ಇಳಿದು ಹತ್ತಿರದ ಕೋಲಿಗೆ ಕೈ ಚಾಚಿದಳು. ಕೈ ಕೋಲಿನೊಳಗೇ ಹಾದುಹೋಯಿತು. ಆಚೆ ಸಾಲಿನ ಕೋಲನ್ನು ಮುಟ್ಟಿದಳು. ಅದು ಗಟ್ಟಿಯಾಗಿತ್ತು. ಗಾಡಿ ಹತ್ತಿ ಅಲ್ಲಿಯವರೆಗೆ ಓಡಿಸಿದಳು. ಮತ್ತೆ ಇಳಿದಳು, ಮುಂದಿನ ಕೋಲು ಮುಟ್ಟಿದಳು.

ಅಷ್ಟರಲ್ಲಿ ಗಾಡಿಯ ವೈರ್‌ಲೆಸ್ಸಿನಲ್ಲಿ ಮೇಲಧಿಕಾರಿಯ ದನಿ ಕೇಳಿಸಿತು. ಕಾರಿನಲ್ಲೇ ಹೆರಿಗೆಯಾಯಿತಂತೆ, ತಾಯಿ ಮಗು ಸುಖವಾಗಿದ್ದಾರಂತೆ, ಗಾಳಿ ನಿಲ್ಲುವವರೆಗೆ ಅಲ್ಲೇ ಇರಬೇಕಂತೆ. ಅವಳು ಹಿಂದಿನ ಕಾರಿಗೆ ಹೋಗಿ ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟಳು. ಮಗು ಇನ್ನೂ ಒಳಗೇ ಒದೆಯುತ್ತಿತ್ತು. ವಾಪಸು ಬಂದು ಮುಂದಿನ ಕೋಲಿನತ್ತ ನಡೆದಳು.

ಲೋಕಿಗೆ ರೇಗಿಹೋಯಿತು. ಮುದುಕನ ವೇಷದಲ್ಲಿ ದಾರಿಯ ಬದಿ ನಿಂತು ಕೇಳಿದ: "ತಂಗಿ, ಯಾವುದು ಸುಳ್ಳು, ಯಾವುದು ನಿಜ ಅಂತ ನಿನಗೆ ಗೊತ್ತಾಗುತ್ತಾ?"

"ಇಲ್ಲ ಅಜ್ಜ, ಗೊತ್ತಾಗಲ್ಲ. ಅದಕ್ಕೇ ಎಲ್ಲವನ್ನೂ ಮುಟ್ಟುತ್ತಿದ್ದೀನಿ," ಎಂದಳು ಅವಳು.

ಅವಳ ಬೆರಳುಗಳು ಮರಗಟ್ಟಿದ್ದವು. ಆದರೂ ಇಳಿದಳು, ಮುಟ್ಟಿದಳು, ಹತ್ತಿದಳು. ಮೋಸಗಾರರಿಗೆ ಚುರುಕು ಬಹಳ, ತಾಳ್ಮೆ ಕಡಿಮೆ. ಸ್ವಲ್ಪ ಹೊತ್ತು ನೋಡಿ ಲೋಕಿಗೆ ಬೇಸರ ಬಂತು. ತನ್ನ ಸುಳ್ಳು ಕೋಲುಗಳನ್ನೆಲ್ಲ ಅಳಿಸಿ, ಬೇರೆ ಯಾರನ್ನಾದರೂ ಕಾಡಲು ಹೊರಟುಹೋದ.

ಅವನು ಹೋದದ್ದು ಅವಳಿಗೆ ತಿಳಿಯಲಿಲ್ಲ. ಉಳಿದ ದಾರಿಯಲ್ಲಿ ಒಂದು ಸುಳ್ಳು ಕೋಲೂ ಇರಲಿಲ್ಲ. ಆದರೂ ಅವಳು ಪ್ರತಿಯೊಂದಕ್ಕೂ ಇಳಿದು, ಮುಟ್ಟಿ ನೋಡಿಯೇ ಮುಂದೆ ಹೋದಳು. ಬೆಟ್ಟ ಇಳಿದು ಕಾರು ಆಸ್ಪತ್ರೆಯ ಬಾಗಿಲು ಸೇರಿತು. ಮಗು ಬೆಚ್ಚಗಿನ ಕೋಣೆಯಲ್ಲಿ ಹುಟ್ಟಿತು.

ಗುರು ಕತೆ ನಿಲ್ಲಿಸಿದರು. ಶಂಭುಲಿಂಗನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಮೋಸ ಎಲ್ಲಿ ಮುಗಿಯಿತೆಂದು ಅವಳಿಗೆ ಕೊನೆಗೂ ತಿಳಿಯಲೇ ಇಲ್ಲವೇ?" ಎಂದು ಕೇಳಿದ.

ಗುರು ಹೇಳಿದರು: "ತಿಳಿಯಲೆಂದು ಕಾದು ಕೂತಿದ್ದರೆ, ಆ ಮಗು ಹಿಮದಲ್ಲಿ ಹುಟ್ಟುತ್ತಿತ್ತು."