ಹಣೆಗಿಟ್ಟ ಎಲೆ

"ಕೇಳಿರಪ್ಪೋ ಕೇಳಿ! ದೊರೆಗಳೊಡನೆ ಹಣೆಯಾಟಕ್ಕೆ ಕೂತು, ಅವರ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ! ತಪ್ಪಿದವರ ತಲೆ ಬರುವ ಅಮಾವಾಸ್ಯೆಗೆ ಹೋಗುತ್ತದೆ!"

ನೀಲಕೋಟೆಯ ಬೀದಿಬೀದಿಯಲ್ಲಿ ಡಂಗುರ ಸಾರಿದರು. ಅರ್ಧ ರಾಜ್ಯವೆಂದರೆ ಯಾರ ಬಾಯಲ್ಲಿ ನೀರೂರುವುದಿಲ್ಲ? ತಲೆಯ ಮಾತು ಮಾತ್ರ ಬಹಳ ಜನಕ್ಕೆ ಕೇಳಿಸಲೇ ಇಲ್ಲ.

ಮೊದಲು ಬಂದವನು ಪಕ್ಕದ ಸೀಮೆಯ ರಾಜಕುಮಾರ. "ಪಗಡೆ, ಚದುರಂಗ ಅರೆದು ಕುಡಿದವನು ನಾನು. ಒಗಟು ಹೇಳಿ," ಎಂದ.

ದೊರೆ ಮುದ್ದರಸ ಕೇಳಿದ: "ವಸ್ತು ನನ್ನದೇ. ಎದುರಿಗಿರುವವರಿಗೆ ಕಾಣುತ್ತದೆ, ನನಗೆ ಕಾಣುವುದಿಲ್ಲ. ಏನದು?"

"ಬೆನ್ನು!"

"ಎದುರಿಗಿರುವವರಿಗೆ ಬೆನ್ನು ಹೇಗಪ್ಪಾ ಕಂಡೀತು?" ಎಂದ ದೊರೆ. ರಾಜಕುಮಾರ ಸೆರೆಮನೆಗೆ ಹೋದ.

ಆಮೇಲೆ ಬಂದ ದಳವಾಯಿಯ ಮಗ ಮೊದಲನೆಯದನ್ನು ಬಿಡಿಸಿದ. ದೊರೆ ಎರಡನೆಯದನ್ನು ಕೇಳಿದ: "ಆಟದಲ್ಲಿ ನನ್ನ ಎಲೆಯನ್ನು ನೋಡದೆಯೇ ಓದಬೇಕು. ಎಲ್ಲಿ ಓದಲಿ?" ಅವನು "ಕನ್ನಡಿಯಲ್ಲಿ" ಎಂದ. ಆಟಕ್ಕೆ ಕನ್ನಡಿ ತರುವವನನ್ನು ಕಳ್ಳ ಎನ್ನುತ್ತಾರೆ. ಅವನೂ ಸೆರೆಮನೆ ಸೇರಿದ.

ಮೂರನೆಯವನು ಬಳೆಗಾರ ದ್ಯಾವಣ್ಣ. ಸುಳ್ಳು ಯಾಕೆ, ಅರ್ಧ ರಾಜ್ಯದ ಆಸೆ ಅವನಿಗೂ ಇತ್ತು. ಬಳೆಗಳ ಮಲಾರವನ್ನು ಹೊಸಿಲ ಹೊರಗಿಟ್ಟು ಕೈಮುಗಿದ.

"ಬುದ್ಧಿ, ನಂಗೆ ಈ ಆಟ ಬರಾಕಿಲ್ಲ. ಮೊದ್ಲು ಕಲಿಸ್ಕೊಡಿ."

ದೊರೆಗೆ ಅಚ್ಚರಿಯಾಯಿತು. ಹಾಗೆಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಇದು ರಾಣಿಯ ತವರಿನ ಆಟ," ಎನ್ನುತ್ತ ಇಸ್ಪೀಟಿನಂಥ ದುಂಡನೆಯ ಗಂಜೀಫೆ ಎಲೆಗಳನ್ನು ಕಲಸಿದ. "ನೋಡದೆ ಒಂದೆಲೆ ಎತ್ತಿ ಹಣೆಗಿಟ್ಟುಕೋ. ನಿನ್ನದು ನನಗೆ ಕಾಣುತ್ತದೆ, ನನ್ನದು ನಿನಗೆ. ದೊಡ್ಡ ಎಲೆಗೆ ಗೆಲುವು; ಎಲ್ಲಕ್ಕೂ ದೊಡ್ಡದು ರಾಜ, ಆಮೇಲೆ ಮಂತ್ರಿ. ಧೈರ್ಯವಿದ್ದರೆ ಪಣ ಏರಿಸು, ಇಲ್ಲದಿದ್ದರೆ 'ಬಿಟ್ಟೆ' ಅನ್ನು. ಬಿಟ್ಟ ಮೇಲೆ ಎಲೆ ಎಷ್ಟೇ ದೊಡ್ಡದಿದ್ದರೂ ಸೋಲೇ."

ದೊರೆಯ ಹಣೆಯಲ್ಲಿ ಏಳು ಇತ್ತು. ಅವನು ದ್ಯಾವಣ್ಣನ ಹಣೆ ನೋಡಿ ಗಹಗಹಿಸಿ ನಕ್ಕ. ತನ್ನದು ಎರಡೋ ಮೂರೋ ಇರಬೇಕೆಂದು ದ್ಯಾವಣ್ಣ "ಬಿಟ್ಟೆ" ಎಂದ. ಎಲೆ ಇಳಿಸಿದರೆ ಅದು ಮಂತ್ರಿ! ಮುಂದಿನ ಆಟದಲ್ಲೂ ದೊರೆ ಹಾಗೆಯೇ ನಕ್ಕ. ಈ ಸಲ ದ್ಯಾವಣ್ಣ ಆ ಮುಖವನ್ನೇ ನೋಡುತ್ತ ಪಣ ಏರಿಸಿ ಗೆದ್ದ. ಆಮೇಲೆ ದೊರೆ ಅವನಿಗೂ ಅವೇ ಎರಡು ಒಗಟು ಕೇಳಿದ.

"ಮೊದಲ್ನೇದು ಹಣೆಗಿಟ್ಟ ಎಲೆ ಬುದ್ಧಿ. ಎರಡನೇದನ್ನ ಓದೋದು ಎದುರಿನೋರ ಮುಖದಾಗೆ. ನಿಮ್ಮ ಬಾಯಿ ನಕ್ಕರೂ ಕಣ್ಣು ನಗ್ಲಿಲ್ಲ."

ದೊರೆ ಎಲೆಗಳನ್ನು ಪಕ್ಕಕ್ಕೆ ಸರಿಸಿದ. "ಮೂರನೆಯದು. ದೊಡ್ಡ ಎಲೆ ಸೋತಿತು, ಚಿಕ್ಕದು ಗೆದ್ದಿತು. ಗೆದ್ದವನು ಅಂದಿನಿಂದ ಸೋಲುತ್ತಲೇ ಇದ್ದಾನೆ. ಪಣಕ್ಕಿಟ್ಟದ್ದೇನು?"

ದ್ಯಾವಣ್ಣ ಹೊಸಿಲಾಚೆಯ ಮಲಾರದ ಕಡೆ ನೋಡಿದ. ತಪ್ಪಿದರೆ ತಲೆ. ಸರಿಯಾದರೆ ದೊರೆಯ ಮುಖಕ್ಕೇ ಹೇಳಬೇಕು.

"ರಾಣಿಯಮ್ಮೋರು ನನ್ ಕೈಲಿ ಬಳೆ ತೊಡಾಕಿಲ್ಲ ಬುದ್ಧಿ. ಕೈಯಾಗೆ ಮಾಸಿದ ಹಳೇ ಬಳೆ. 'ಅವ್ವ ತೊಡಿಸಿದ್ದು ಇವೇ ಕಡೇವು' ಅಂತಾರೆ. ಪಣಕ್ಕಿಟ್ಟಿದ್ದು ಅವರ ತವರಿನ ದಾರಿ. ನೀವು ನಕ್ಕಿರಿ. ಅವರು ಬಿಟ್ಟರು."

ದೊರೆ ತಲೆ ತಗ್ಗಿಸಿದ. "ಹೌದು. ಅಂದು ದೀಪಾವಳಿ. ಅವಳ ತಾಯಿ ಹಾಸಿಗೆ ಹಿಡಿದಿದ್ದರು. 'ಗೆದ್ದರೆ ಹೋಗು' ಎಂದೆ. ಅವಳನ್ನು ಬಿಟ್ಟಿರಲಾರದೆ ಹಾಗೆ ನಕ್ಕೆ. ಅವಳ ಹಣೆಯ ಮೇಲೆ ರಾಜನ ಎಲೆಯೇ ಇತ್ತು ದ್ಯಾವಣ್ಣ! ತಾಯಿ ತೀರಿದ ಮೇಲೆ ಅವಳು ನನ್ನೊಡನೆ ಮಾತು ಬಿಟ್ಟಳು. ನನಗೆ ಹೇಳಲು ಬಾಯಿ ಬರಲಿಲ್ಲ. ಬೇರೆ ಯಾರಾದರೂ ಹೇಳಲಿ ಎಂದು ಡಂಗುರ ಹೊಡೆಸಿದೆ."

ತನ್ನ ಬಾಯಿ ತೆರೆಯಲಾರದೆ ಪರರ ತಲೆ ಪಣಕ್ಕಿಟ್ಟವನಿಗೆ ಏನನ್ನೋಣ! ದ್ಯಾವಣ್ಣ ಇಷ್ಟೇ ಅಂದ: "ಮೊದ್ಲು ಆ ಇಬ್ಬರನ್ನ ಬಿಡಿಸಿ. ಆಮೇಲೆ ಈ ಮಾತನ್ನ ನಂಗಲ್ಲ, ಅಮ್ಮೋರಿಗೆ ಹೇಳಿ."

ದೊರೆ ಸೆರೆಯಾಳುಗಳನ್ನು ಬಿಡಿಸಿದ. ಅರ್ಧ ರಾಜ್ಯದ ಮುದ್ರೆಯುಂಗುರವನ್ನು ದ್ಯಾವಣ್ಣನ ಬೆರಳಿಗೆ ತೊಡಿಸಿದ. ಆಮೇಲೆ ರಾಜನ ಎಲೆ ಹಿಡಿದು ಅಂತಃಪುರಕ್ಕೆ ಹೋಗಿ ರಾಣಿಯ ಮುಂದಿಟ್ಟ.

"ಅಂದು ನಿನ್ನ ಹಣೆಯ ಮೇಲೆ ಇದಿತ್ತು. ನಾನು ಸುಳ್ಳು ನಗು ನಕ್ಕೆ."

ರಾಣಿ ಎಲೆಯನ್ನು ಮುಟ್ಟಲಿಲ್ಲ. ಎಷ್ಟೋ ವರ್ಷದ ಮೇಲೆ ಅವನೊಡನೆ ಮಾತಾಡಿದಳು.

"ಎಲೆ ಇಳಿಸಿದಾಗಲೇ ನೋಡಿದ್ದೆ. ಬಿಟ್ಟೆ ಅಂದಮೇಲೆ ನಾನು ಕೇಳುವ ಹಾಗಿರಲಿಲ್ಲ. ನಾಳೆ ನೀವೇ ಹೇಳುತ್ತೀರಿ, ನಾಡಿದ್ದು ಹೇಳುತ್ತೀರಿ ಅಂತ ತವರಿಗೆ ಹೊರಡಲು ಗಂಟು ಕಟ್ಟಿಟ್ಟುಕೊಂಡು ಕಾದೆ. ನಮ್ಮವ್ವ ಸಂಕ್ರಾಂತಿಯವರೆಗೂ ಇದ್ದಳು."