ಬೇರೆ ಉದ್ಯೋಗ

ಹೇಳುವ ರೀತಿ ಸರಿಯಿಲ್ಲದಿದ್ದರೆ ಕ್ಷಮಿಸಿ. ಇದು ನಾನು ಬರೆಯುತ್ತಿರುವ ಮೊದಲ ಪ್ರಸಂಗ.

ಒಂದು ವಿಶ್ವವಿದ್ಯಾಲಯದಲ್ಲಿ ಪುಟ್ಟತಾಯಮ್ಮ ಎಂಬ ಗುಮಾಸ್ತೆ ಇದ್ದರು. ಅಲ್ಲಿನ ಕುಲಸಚಿವರು ಪಂಚಾಕ್ಷರಯ್ಯ. ಕುಲಸಚಿವರು ಎಂದರೆ ಸಹಿ ಹಾಕುವವರು, ಆದರೆ ಇವರು ಹಾಕುತ್ತಿರಲಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಮುನ್ನೂರು ಮಕ್ಕಳು ಆರು ತಿಂಗಳಿಂದ ದಿನಾ ಅವರ ಬಾಗಿಲಲ್ಲಿ ನಿಲ್ಲುತ್ತಿದ್ದರು. ಫೀಸು ಕಟ್ಟದಿದ್ದರೆ ಊಟವಿಲ್ಲ ಎಂದು ಹಾಸ್ಟೆಲಿನವರು ಹೇಳಿಯಾಗಿತ್ತು. "ನಿಮಗೆ ಬೇರೆ ಉದ್ಯೋಗ ಇಲ್ವಾ?" ಎಂದು ಸಾಹೇಬರು ಗದರಿ ಕಳಿಸುತ್ತಿದ್ದರು.

ಅಷ್ಟರಲ್ಲಿ ತಪಾಸಣಾ ಸಮಿತಿ ಬರುವುದೆಂದಾಯಿತು.

"ನಮ್ಮ ಮಕ್ಕಳಿಗೆಲ್ಲ ಉದ್ಯೋಗ ಸಿಕ್ಕಿದೆ ಅಂತ ಪಟ್ಟಿ ಮಾಡಮ್ಮ. ಹೇಗಾದರೂ ಮಾಡು," ಎಂದರು ಸಾಹೇಬರು.

ಪುಟ್ಟತಾಯಮ್ಮ ಮಾಡಿದರು. ಮರುದಿನ ಸಮಿತಿಯ ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿದರು: "ಮುನ್ನೂರು ಮಂದಿ. ಉದ್ಯೋಗ, ಸಹಿಗಾಗಿ ಕಾಯುವುದು. ಕೆಲಸ ಕೊಟ್ಟವರು, ಕುಲಸಚಿವರು."

ಸಾಹೇಬರ ಮುಖ ಹುಳ್ಳಗಾಯಿತು. "ಏನಮ್ಮ ಇದು?"

"ಬೇರೆ ಉದ್ಯೋಗ ಇಲ್ವಾ ಅಂತ ತಾವೇ ದಿನಾ ಕೇಳ್ತಿದ್ರಲ್ಲ ಸಾರ್. ಬೇರೆ ಇಲ್ಲ ಅಂದರೆ ಇದೊಂದು ಇದೆ ಅಂತ ತಾನೆ?"

ಅಧ್ಯಕ್ಷರು ಗಂಭೀರವಾಗಿ ಕೇಳಿದರು, "ಹಾಜರಾತಿ ಹೇಗಿದೆ?"

"ನೂರಕ್ಕೆ ನೂರು ಸಾರ್. ಭಾನುವಾರವೂ ಬಂದು ಬೀಗ ನೋಡಿಕೊಂಡು ಹೋಗ್ತಾರೆ."

"ಹಾಗಾದರೆ ಆರು ತಿಂಗಳ ಸಂಬಳ ಯಾರು ಕೊಡಬೇಕು?"

ಎಲ್ಲರೂ ಸಾಹೇಬರತ್ತ ನೋಡಿದರು. ಸಾಹೇಬರು ಪೆನ್ನು ತೆಗೆದರು. ಸಂಜೆಯೊಳಗೆ ಮುನ್ನೂರು ಸಹಿ ಹಾಕಿ ಮುನ್ನೂರು ಮಂದಿಯನ್ನೂ ಕೆಲಸದಿಂದ ಬಿಡಿಸಿದರು.

ಇದರಲ್ಲಿ ನಗುವುದು ಎಲ್ಲಿ ಎಂದರೆ, 'ಬೇರೆ' ಎಂಬ ಪದಕ್ಕೆ... ಇರಿ, ಅಡುಗೆಮನೆಯಿಂದ ನನ್ನ ಹೆಂಡತಿ ಕೂಗುತ್ತಿದ್ದಾಳೆ, ನನಗೆ ಬೇರೆ ಉದ್ಯೋಗ ಇಲ್ಲವೇ ಎಂದು.