ಕೊನೆಯ ನಟ್ಟು

ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ದಾವಲಸಾಬ ಎಂಬ ಮಿಸ್ತ್ರಿ ಇದ್ದ. ಮೂವತ್ತು ವರ್ಷ ಲಾರಿ ರಿಪೇರಿ ಮಾಡಿ, ಆಮೇಲೆ ಕಾರಿಗೆ ಕೈ ಹಾಕಿದವ. ಎಲ್ಲರೂ ಅವನನ್ನು ಉಸ್ತಾದ ಅನ್ನುತ್ತಿದ್ದರು. ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಕೆಲಸ ಯಾರೇ ಮಾಡಲಿ, ಕೊನೆಯ ನಟ್ಟು ಉಸ್ತಾದನದೇ. ಮುಗಿದ ಗಾಡಿಯ ಹತ್ತಿರ ಬಂದು, ಪಾನಾ ಇಸಿದುಕೊಂಡು, ಎಲ್ಲಾದರೂ ಒಂದು ಕಡೆ ನಟ್ಟು ತಿರುಗಿಸಿದರೇ ಅವನಿಗೆ ಸಮಾಧಾನ. "ನನ್ನ ಕೈ ತಾಗಲಾರದ ಗಾಡಿ ಹೊರಗ ಹೋಗಂಗಿಲ್ಲ" ಅನ್ನುವುದು ಅವನ ಹೆಮ್ಮೆ. ಹೆಮ್ಮೆ ಇರಲಿ ಬಿಡಿ, ಕೆಲಸಗಾರನಿಗೆ ಅದೂ ಬೇಕು. ಆದರೆ ಕೈಗೂ ಒಂದು ಮಿತಿ ಬೇಕಲ್ಲ!

ಅವನ ಹತ್ತಿರ ಗುರುಪಾದ ಎಂಬವನು ಹನ್ನೊಂದು ವರ್ಷದಿಂದ ದುಡಿಯುತ್ತಿದ್ದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದರಲ್ಲಿ ಅವನನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ.

ಪ್ರಮೀಳಾ ದೇಸಾಯಿ ಎಂಬಾಕೆಯ ಬಳಿ ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಇತ್ತು. ಆಕೆ ಅದರಲ್ಲಿ ರೇಸಿಗೆ ಹೋಗುವವಳು. ಅದರ ಗೇರ್‌ಬಾಕ್ಸ್ ಸವೆದಿತ್ತು. ಗುರುಪಾದ ಒಂದು ವಾರ ಕೂತು ಅದನ್ನು ಹೊಸದರಂತೆ ಮಾಡಿಕೊಟ್ಟ. ಪದ್ಧತಿಯಂತೆ ಉಸ್ತಾದನೂ ಬಂದು ತನ್ನ ಕೈ ತಾಗಿಸಿದ. ಕಾರು ಹೊರಟಿತು.

ಮರುದಿನವೇ ಪ್ರಮೀಳಾ ವಾಪಸು ಬಂದಳು. ಮುಖ ಸಪ್ಪಗಿತ್ತು.

"ಉಸ್ತಾದರ, ಗೇರ್ ಬೀಳವಲ್ದು. ರಿವರ್ಸ್ ಹಾಕಿದ್ರ ಕರ್ರ್ ಅಂತ ಒದರ್ತದ. ಭಾನುವಾರ ರೇಸ್ ಐತಿ, ನಾ ಏನ್ ಮಾಡ್ಲಿ?"

ಗ್ಯಾರೇಜಿನವರೆಲ್ಲ ತಿರುಗಿ ನೋಡಿದರು. ಉಸ್ತಾದನಿಗೆ ತಲೆ ತಗ್ಗಿಸುವಂತಾಯಿತು. ಗುರುಪಾದ ಮೆಲ್ಲಗೆ, "ಉಸ್ತಾದ, ಬಾಕ್ಸ್ ಬಿಚ್ಚೂಕಿಂತ ಮೊದಲ ಒಮ್ಮೆ ಕ್ಲಚ್ ನೋಡೋಣು" ಅಂದ.

"ಒದರಾಕ ಹತ್ತಿದ್ದು ಗೇರ್, ಕ್ಲಚ್ ಅಲ್ಲ!" ಉಸ್ತಾದ ಸಿಡಿದ. "ವಾರಗಟ್ಟಲೆ ಕುಂತು ಮಾಡಿದ್ದು ಇದೇನು? ನನ್ನ ಮಾನ ಕಳದಿ. ನಿನ್ನಂಥವಗ ಗೇರ್‌ಬಾಕ್ಸ್ ಕೊಟ್ಟಿದ್ದ ನನ್ನ ತಪ್ಪು!"

ಗುರುಪಾದ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಎಣ್ಣೆಗೈಯನ್ನು ಒರೆಸಿಕೊಂಡ. ತನ್ನ ಸ್ವಂತ ಪಾನಾಗಳನ್ನು ಆರಿಸಿ ಚೀಲಕ್ಕೆ ತುಂಬತೊಡಗಿದ. ಉಸ್ತಾದ ನೋಡಿದ, ತಡೆಯಲಿಲ್ಲ. ಕೋಪ ಇನ್ನೂ ನೆತ್ತಿಯ ಮೇಲೇ ಇತ್ತು. ಪ್ರಮೀಳಾ ಚಹಾ ಕುಡಿದು ಬರುತ್ತೇನೆಂದು ಎದುರಿನ ಅಂಗಡಿಗೆ ಹೋದಳು.

ಉಸ್ತಾದ ಕಾರಿನೊಳಗೆ ಕೂತ. ಎಂಜಿನ್ ಬಂದ್ ಇದ್ದಾಗಲೇ ಗೇರ್ ಹಾಕಿ ನೋಡಿದ. ಒಂದು, ಎರಡು, ಮೂರು, ರಿವರ್ಸ್. ಎಲ್ಲವೂ ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿದ್ದವು. ಎಂಜಿನ್ ಶುರು ಮಾಡಿ, ಕ್ಲಚ್ ಒತ್ತಿ ಮತ್ತೆ ಹಾಕಿದ. ಕರ್ರ್! ಎಂಜಿನ್ ನಿಂತಾಗ ಸಲೀಸಾಗಿ ಬೀಳುವ ಗೇರು, ಓಡುವಾಗ ಮಾತ್ರ ಒದರಿದರೆ, ತಪ್ಪು ಗೇರಿನದಲ್ಲ. ಕ್ಲಚ್ಚು ಎಂಜಿನ್ನನ್ನು ಪೂರ್ತಿ ಬಿಡುತ್ತಿಲ್ಲ. ಬಿಡದಿದ್ದರೆ ಗೇರು ಪಾಪ ಏನು ಮಾಡೀತು, ಹಲ್ಲಿಗೆ ಹಲ್ಲು ತಿಕ್ಕಿ ಒದರಲೇಬೇಕು.

ಪೆಡಲ್ಲನ್ನು ಕೈಯಿಂದ ಒತ್ತಿ ನೋಡಿದ. ಅರ್ಧ ದೂರ ಸುಮ್ಮನೆ ಸಡಿಲವಾಗಿ ಹೋಯಿತು. ಬಾನೆಟ್ ಎತ್ತಿ ಕ್ಲಚ್ ಕೇಬಲ್ಲಿನ ನಟ್ಟು ನೋಡಿದ. ಅದನ್ನು ಸಡಿಲ ಮಾಡಿದವನು ತಾನೇ. ಕೇಬಲ್ ಬಿಗಿಯಾಗಿದೆ ಅಂದುಕೊಂಡು, ಲಾರಿಗೆ ಬಿಡುವಷ್ಟು ಸಡಿಲವನ್ನು ಈ ಪುಟ್ಟ ಕಾರಿಗೂ ಬಿಟ್ಟಿದ್ದ. ಗುರುಪಾದ ಸರಿಯಾಗಿಯೇ ಇಟ್ಟಿದ್ದನ್ನು ತನ್ನ ಕೈಯಾರೆ ಕೆಡಿಸಿದ್ದ.

ನಟ್ಟನ್ನು ನಾಲ್ಕು ಸುತ್ತು ಬಿಗಿ ಮಾಡಿದ. ರಿವರ್ಸ್ ಹಾಕಿದ. ಸದ್ದೇ ಇಲ್ಲ.

ಈಗ ಕೇಳಿ. ಗ್ಯಾರೇಜಿನವರು ತಮ್ಮ ತಮ್ಮ ಕೆಲಸಕ್ಕೆ ಮರಳಿದ್ದರು, ಇದನ್ನು ನೋಡಿದವರು ಯಾರೂ ಇರಲಿಲ್ಲ. ಸುಮ್ಮನಿದ್ದರೆ ಮೂವತ್ತು ವರ್ಷದ ಹೆಸರು ಉಳಿಯುತ್ತಿತ್ತು. ಗುರುಪಾದ ಮಾತ್ರ ಕೆಲಸಗೇಡಿ ಎಂಬ ಹೆಸರು ಹೊತ್ತು ಹೋಗುತ್ತಿದ್ದ. ಅವನಿಗೆ ಇನ್ನು ಯಾರು ಗೇರ್‌ಬಾಕ್ಸ್ ಕೊಡುತ್ತಿದ್ದರು?

ಅಷ್ಟರಲ್ಲಿ ಪ್ರಮೀಳಾ ಬಂದಳು. ಕಾರು ಸರಿಯಾದದ್ದು ನೋಡಿ ಹಿಗ್ಗಿದಳು. "ಕಡೀಕ ನಿಮ್ಮ ಕೈನ ಬೇಕಾತು ನೋಡ್ರಿ! ಆ ಮನಶ್ಯಾ ಏನ್ ಕೆಡಿಸಿಟ್ಟಿದ್ದ?"

ಹೊಗಳಿಕೆ ಎಂದೂ ಉಸ್ತಾದನಿಗೆ ಇಷ್ಟು ಕಹಿಯಾಗಿರಲಿಲ್ಲ. ಗುರುಪಾದ ಆಗಲೇ ಚೀಲ ಹೆಗಲಿಗೇರಿಸಿ ಬಾಗಿಲು ದಾಟುತ್ತಿದ್ದ.

"ಗುರುಪಾದ, ನಿಂದರು!" ಉಸ್ತಾದ ಎಲ್ಲರಿಗೂ ಕೇಳುವಂತೆ ಕೂಗಿದ. "ಅಕ್ಕಾರ, ಅಂವ ಏನೂ ಕೆಡಿಸಿಲ್ಲ. ಕೆಡಿಸಿದಾಂವ ನಾನು. ಅವನ ಕೆಲಸದಾಗ ಕೈ ಹಾಕಿ ಕ್ಲಚ್ ಸಡ್ಲ ಮಾಡೀನಿ. ಬೈದದ್ದು ಅವಗ."

ಗ್ಯಾರೇಜಿನಲ್ಲಿ ಸುತ್ತಿಗೆಯ ಸದ್ದು ನಿಂತಿತು. ಗುರುಪಾದನ ಕಣ್ಣಲ್ಲಿ ನೀರಾಡಿತು. ಆದರೂ ಒಳಗೆ ಬರಲಿಲ್ಲ.

"ಉಸ್ತಾದ, ಬೈದದ್ದಕ್ಕ ಬ್ಯಾಸರಿಲ್ಲ. ಹನ್ನೊಂದ ವರ್ಷ ಕೆಲಸ ಕೊಟ್ರಿ, ಒಂದ ದಿನಾನೂ ಅದನ್ನ ಪೂರ್ತಿ ನನ್ನ ಕೈಗೆ ಬಿಡಲಿಲ್ಲ. ಕ್ಲಚ್ ಬಿಡಲಿಲ್ಲಂತ ಗೇರ್ ಒದರಿದ್ದು ನಿಮಗ ಕೇಳಿಸ್ತು. ನಾ ಒದರಲಿಲ್ಲ, ಅಷ್ಟ."

ಆ ಮಾತು ಉಸ್ತಾದನಿಗೆ ನೇರ ಎದೆಗೇ ನಾಟಿತು. ಕಾರಿನ ಕೀಲಿಯನ್ನು ತೆಗೆದು, ನಡೆದು ಹೋಗಿ ಗುರುಪಾದನ ಅಂಗೈಯಲ್ಲಿಟ್ಟ.

"ನಾ ಹಾಕಿದ ನಟ್ಟು ಸರಿ ಐತೋ ಇಲ್ಲೋ, ನೀನ ನೋಡು. ಬ್ಯಾರೆ ಏನರ ಮಾಡಬೇಕಂದ್ರ ಮಾಡು. ನೀ ಹ್ಞೂಂ ಅಂದ್ರ ಗಾಡಿ ಹೊರಗ. ಇಲ್ಲಂದ್ರ ಇಲ್ಲ."

ಗುರುಪಾದ ಕೀಲಿಯನ್ನು ಜೇಬಿಗಿಳಿಸಿದ. ಆಮೇಲೆ ಚೀಲವನ್ನು ಕೆಳಗಿಟ್ಟ. ಕಾರಿನ ಬಳಿ ಬಗ್ಗಿ, ಉಸ್ತಾದನ ನಟ್ಟನ್ನು ಕಾಲು ಸುತ್ತು ತಿರುಗಿಸಿ ಸರಿಮಾಡಿದ. ಎಲ್ಲರ ಎದುರಿಗೆ ತನ್ನ ಕೆಲಸವನ್ನು ತಿದ್ದುತ್ತಿದ್ದವನನ್ನು ಉಸ್ತಾದ ಎರಡೂ ಕೈ ಹಿಂದೆ ಕಟ್ಟಿಕೊಂಡು ನೋಡುತ್ತ ನಿಂತ.

ನೀತಿ: ಒದರಿದ್ದೆಲ್ಲ ಕೆಟ್ಟಿದೆ ಎಂದಲ್ಲ, ಸುಮ್ಮನಿದ್ದದ್ದೆಲ್ಲ ಸರಿಯಿದೆ ಎಂದೂ ಅಲ್ಲ. ಕೆಲಸ ಒಪ್ಪಿಸಿದ ಮೇಲೆ ಕೈ ಬಿಡುವುದನ್ನು ಕಲಿಯಬೇಕು. ಬಿಡಲಾಗದಿದ್ದರೆ, ತಪ್ಪಾದ ದಿನ ಇನ್ನೊಬ್ಬನ ಕೈ ನೋಡುವ ಮೊದಲು ನಮ್ಮ ಕೈಯನ್ನೇ ನೋಡಿಕೊಳ್ಳಬೇಕು.